ರಸ್ತೆ ಕಡೆಯ ಹೂವು

ನಾನು ಓದು ನಿಲ್ಲಿಸಿದ್ದು ಸಾವಿರದ ಒಂಬೈನೂರ ಎಂಬತ್ತಾರರಲ್ಲಿ, ಎಂಟನೇ ಕ್ಲಾಸಿನ ನಡುವೆ. ಫೇಲಾಗಿರಲಿಲ್ಲ, ಮೇಷ್ಟ್ರೂ ಓಡಿಸಲಿಲ್ಲ. ಅಪ್ಪ ತೀರಿಹೋಗಿದ್ದ, ಮನೆಗೆ ದುಡಿಯುವ ಕೈ ಬೇಕಿತ್ತು, ನನ್ನ ಕೈಯಲ್ಲಿ ಪುಸ್ತಕ ಬಿಟ್ಟರೆ ಬೇರೇನೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಾನು ಚಳಿ, ಮಳೆ, ಕಾಲ ಎಂದು ದೊಡ್ಡ ಮಾತು ಆಡುವವನಿದ್ದೇನೆ. ಆಗ ನೀವು, ಇವನೇನು ಓದಿದ್ದಾನೆ ಎಂದು ಕೇಳಬಾರದು. ಓದಿಲ್ಲ. ಮರ ಹತ್ತಿದ್ದೇನೆ.

ಇವತ್ತು ಬೆಳಿಗ್ಗೆ ಮಾಗಡಿ ಕಡೆಯ ಒಂದು ತೋಪು ನೋಡಿಕೊಂಡು ಬಸ್ಸಿನಲ್ಲಿ ವಾಪಸು ಬರುತ್ತಿದ್ದೆ. ರಾಮನಗರ ಇನ್ನೇನು ಬಂತು ಅನ್ನುವಾಗ, ಊರಂಚಿನ ತಿರುವಿನಲ್ಲಿ, ಕಿಟಕಿಯಿಂದ ಹೊಗೆ ಒಳಗೆ ನುಗ್ಗಿತು. ಹಸಿ ಹುಲ್ಲಿನ ಹೊಗೆ. ಉರಿಯುವುದಿಲ್ಲ, ಆರುವುದೂ ಇಲ್ಲ, ಗಂಟಲಿನಲ್ಲಿ ಕೂತು ಕೆರೆಯುತ್ತದೆ. ಪಕ್ಕದ ಸೀಟಿನ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು, "ಯಾರಪ್ಪಾ ಅದು ಬೆಳ್‌ಬೆಳಗ್ಗೆ, ಜನ ಉಸುರಾಡೋದು ಬ್ಯಾಡ್ವಾ?" ಅಂದಳು. ಯಾರು ಅಂತ ನನಗೆ ಗೊತ್ತಿತ್ತು. ಏಳೆಂಟು ವರ್ಷದಿಂದ ಆ ತಿರುವು ಬಂದಾಗಲೆಲ್ಲ ನಾನು ಕತ್ತು ಇನ್ನೊಂದು ಕಡೆಗೆ ತಿರುಗಿಸಿ ಕೂರುತ್ತೇನೆ. ಅಲ್ಲೊಂದು ಮಾವಿನ ಮರವಿದೆ. ಅದರಿಂದ ನನಗೆ ಅಕ್ಕನ ಮನೆ ತಪ್ಪಿಹೋಯಿತು.

ಮರದಿಂದ ಮನೆ ತಪ್ಪುವುದು ಹೇಗೆ ಎಂದು ಕೇಳುತ್ತೀರಿ. ಹೇಳುತ್ತೇನೆ, ಬಸ್ಸು ಆ ತಿರುವಿನಲ್ಲೇ ಇರಲಿ.

ನನ್ನನ್ನು ಕೈ ಹಿಡಿದು ಕಸುಬಿಗೆ ಹಾಕಿದವನು ಅಕ್ಕನ ಗಂಡ, ಭಾವ. ಮಾವಿನ ಗುತ್ತಿಗೆ ವ್ಯಾಪಾರ. ನಮ್ಮ ಕಡೆ ತೋಟದವನು ಹಣ್ಣು ಕಿತ್ತು ಮಾರುವ ಗೋಜಿಗೆ ಹೋಗುವುದು ಕಡಿಮೆ. ಮರ ಹೂ ಬಿಟ್ಟಾಗಲೇ ವ್ಯಾಪಾರಿ ಬಂದು ನೋಡಿ, ಇಡೀ ತೋಪಿನ ಫಸಲನ್ನು ಹೂವಿನ ಮೇಲೆಯೇ ಕೊಂಡುಬಿಡುತ್ತಾನೆ. ಆಮೇಲೆ ಕಾಯಿ ನಿಂತರೆ ಅವನ ಪುಣ್ಯ, ಉದುರಿದರೆ ಅವನ ಕರ್ಮ. ಭಾವ ಮೊದಲ ದಿನ ನನ್ನನ್ನು ವಿರೂಪಾಕ್ಷಿಪುರದ ಹತ್ತಿರದ ಒಂದು ತೋಪಿಗೆ ಕರೆದುಕೊಂಡು ಹೋಗಿ, ಬಾದಾಮಿ ಮಾವಿನ ಮರವೊಂದರ ಕೆಳಗೆ ನಿಲ್ಲಿಸಿದ.

"ಈ ಮರದಾಗೆ ಎಷ್ಟು ಕಾಯಿ ಐತೆ ಹೇಳ್ಲಾ."

"ಕಾಯೇ ಇಲ್ವಲ್ಲ ಭಾವ. ಬರೀ ಹೂವ."

"ಕಾಯಿ ಬಂದ್ಮೇಲೆ ನಿಮ್ಮಜ್ಜೀನೂ ಎಣಿಸ್ತಾಳೆ. ಇಲ್ದಾಗ ಹೇಳೋದು ಕಣ್ಲಾ ಯಾಪಾರ."

ಆ ಮಾತಿಗೆ ನಾನು ಮನಸೋತೆ. ಶಾಲೆಯಲ್ಲಿ ಇದ್ದದ್ದನ್ನೇ ಕೇಳುತ್ತಿದ್ದರು. ಇಲ್ಲಿ ಇಲ್ಲದ್ದನ್ನು ಕೇಳುವವನೊಬ್ಬ ಸಿಕ್ಕಿದ. ಮಳೆಯಲ್ಲಿ ಬಿಸಿಲಲ್ಲಿ ಅವನ ಹಿಂದೆ ನಡೆದೆ. ಕನಕಪುರ, ಚನ್ನಪಟ್ಟಣ, ಮಾಗಡಿ, ಯಾವ ತೋಪಿನಲ್ಲಿ ಯಾವ ಮರ ಕಳ್ಳ, ಯಾವುದು ದಾನಿ, ಎಲ್ಲ ಕಲಿತೆ. ಅಕ್ಕ ನಮ್ಮಿಬ್ಬರಿಗೂ ಒಂದೇ ಡಬ್ಬಿಯಲ್ಲಿ ಮುದ್ದೆ ಕಟ್ಟಿ ಕಳಿಸುತ್ತಿದ್ದಳು. ನನಗೆ ದೊಡ್ಡದು ಸಿಕ್ಕರೆ ಭಾವ, "ತಮ್ಮಂಗೆ ಮುದ್ದೆ, ಗಂಡಂಗೆ ಗೋಲಿ" ಎಂದು ಗೊಣಗುತ್ತಿದ್ದ. ಅವರ ಮಗಳು ಹುಟ್ಟಿದಾಗ ಮೊದಲು ಎತ್ತಿಕೊಂಡವನು ನಾನು. "ಮದ್ವೆ ದಿನ ಇವಳನ್ನ ಮಂಟಪಕ್ಕೆ ಎತ್ಕೊಂಡು ಬರೋನು ನೀನೇ ಕಣ್ಲಾ, ಈಗ್ಲೇ ತೂಕ ನೋಡ್ಕೊ" ಎಂದಿದ್ದ ಭಾವ. ನಮ್ಮಲ್ಲಿ ಅದು ಸೋದರಮಾವನ ಹಕ್ಕು. ಕೇಳಿ ಪಡೆಯುವುದಲ್ಲ, ಹುಟ್ಟಿನಿಂದ ಬಂದದ್ದು.

ಇನ್ನು ಆ ಮರದ ಸಂಗತಿ. ಭಾವನ ಅಪ್ಪನ ಕಾಲದಲ್ಲಿ ಆ ತಿರುವಿನಲ್ಲಿ ಒಂದು ತೋಪೇ ಇತ್ತಂತೆ. ಊರು ಬೆಳೆದು ಬಂದು ಒಂದೊಂದೇ ಮರವನ್ನು ತಿಂದು ಕೊನೆಗೆ ಒಂದು ಉಳಿಯಿತು. ಅದು ಗುರುತಿನ ಮರ. ಧನುರ್ಮಾಸ ಹುಟ್ಟುವ ಹೊತ್ತಿಗೆ ಅದು ಹೂ ಬಿಟ್ಟರೆ, ಇನ್ನು ಹದಿನೈದು ದಿನದಲ್ಲಿ ಸುತ್ತಣ ತೋಪುಗಳೆಲ್ಲ ಹೂ ಬಿಡುತ್ತವೆ ಎಂದು ಲೆಕ್ಕ. ಭಾವನ ಮನೆಯವರ ಜಾಣತನ ಇದ್ದದ್ದು ಅಲ್ಲೇ. ಬೇರೆ ವ್ಯಾಪಾರಿಗಳು ಹೂ ನೋಡಿ ಕೊಳ್ಳುತ್ತಿದ್ದರು. ಇವರು ಈ ಮರವೊಂದನ್ನು ನೋಡಿ, ಉಳಿದ ತೋಪುಗಳು ಇನ್ನೂ ಬರೀ ಕೊಂಬೆಯಾಗಿರುವಾಗಲೇ ಹೋಗಿ ಮಾತು ಮುಗಿಸಿಬಿಡುತ್ತಿದ್ದರು. ಭಾವ ಪ್ರತಿ ವರ್ಷ ರಸ್ತೆಯಲ್ಲಿ ನಿಂತು, ಹೆಗಲ ಮೇಲಿನ ಟವೆಲನ್ನು ಹಣೆಗೆ ಅಡ್ಡ ಹಿಡಿದು ಮೇಲೆ ನೋಡಿ, ಹೂ ಕಂಡರೆ ಕೈ ಮುಗಿದು ಹೊರಡುತ್ತಿದ್ದ. ಅದು ಬಹಳ ವರ್ಷ ನಡೆಯಿತು, ಸರಿಯಾಗಿಯೇ ನಡೆಯಿತು. ಸುಳ್ಳು ಹೇಳಬಾರದು.

ನಾನು ಕಸುಬಿಗೆ ಬಂದು ಒಂದಷ್ಟು ಕಾಲವಾದ ಮೇಲೆ ಮರದ ಪಕ್ಕ ರಹಮತ್ ಸಾಬರು ರೇಷ್ಮೆ ರೀಲಿಂಗ್ ಶೆಡ್ಡು ಹಾಕಿದರು. ಗೂಡು ಬೇಯಿಸುವ ಬಾಯ್ಲರು, ಅದಕ್ಕೊಂದು ತಗಡಿನ ಚಿಮಣಿ, ರಸ್ತೆ ಮೂಲೆಯಲ್ಲಿ. ಬೆಂದ ಹುಳುವಿನ ವಾಸನೆ ಫರ್ಲಾಂಗು ದೂರಕ್ಕೆ ಹೊಡೆಯುತ್ತಿತ್ತು. ನಮ್ಮೂರಿನವರಿಗೆ ಅದು ವಾಸನೆಯೇ ಅಲ್ಲ. ಸಾಬರು ಒಳ್ಳೆಯ ಮನುಷ್ಯ, ಚಹಾ ಕುಡಿಸದೆ ಕಳಿಸುತ್ತಿರಲಿಲ್ಲ. "ನಿಮ್ ಭಾವ ಪ್ರತಿ ವರ್ಸ ಬಂದು ಮರಕ್ಕೆ ಸಲಾಂ ಹೊಡೀತಾರೆ. ಚಹಾ ಕೊಡೋನು ನಾನು, ನಂಗೆ ಮಾತ್ರ ಹೊಡಿಯಲ್ಲ" ಎಂದು ನಗುತ್ತಿದ್ದರು.

ಆಮೇಲೆ ಕಾಲ ಜಾರತೊಡಗಿತು. ಯಾವ ವರ್ಷದಿಂದ ಎಂದು ಕೇಳಬೇಡಿ, ಅದೇ ತೊಡಕು. ಟಿವಿಯಲ್ಲಿ ಹವಾಮಾನ ಬದಲಾಯಿತು ಎನ್ನುತ್ತಾರೆ, ಒಂದು ಸೋಮವಾರ ಬೆಳಿಗ್ಗೆ ಎದ್ದಾಗ ಬದಲಾಗಿತ್ತು ಎನ್ನುವ ಹಾಗೆ. ನಮಗೆ ಹಾಗೆ ತಿಳಿಯಲಿಲ್ಲ. ಒಂದು ವರ್ಷ ಕಾರ್ತಿಕ ಕಳೆದರೂ ಮಳೆ ಬಿಡಲಿಲ್ಲ, ಹೂ ಬರಬೇಕಾದ ಕೊನೆಗಳಲ್ಲಿ ಕೆಂಪು ಚಿಗುರು ಬಂತು. ಭಾವ, "ಮೋಡ ಕಣ್ಲಾ" ಅಂದ. ನಿಜ, ಮೋಡವಿತ್ತು. ಇನ್ನೊಂದು ವರ್ಷ ಚಳಿಯೇ ಬೀಳಲಿಲ್ಲ. "ಒಂದೊಂದ್ವರ್ಸ ಹಂಗೇ" ಅಂದ. ಅದೂ ನಿಜ. ಮತ್ತೊಂದು ವರ್ಷ ಶಿವರಾತ್ರಿ ಬಂದರೂ ಕಾಯಿ ಗೋಲಿ ಗಾತ್ರವಾಗಿರಲಿಲ್ಲ ಎಂದರೆ, "ಅಧಿಕ ಮಾಸ ಬಂದಿತ್ತಲ್ಲ, ಹಬ್ಬ ಮುಂದಕ್ಕೆ ಹೋಗೈತೆ, ಕಾಯಿ ಹಿಂದಕ್ಕೆ ಬಿದ್ದಿಲ್ಲ" ಎಂದ. ಹಬ್ಬ ಮುಂದಕ್ಕೆ ಹೋಗಿದ್ದರೆ ಕಾಯಿ ಇನ್ನೂ ದಪ್ಪವಾಗಿರಬೇಕಿತ್ತಲ್ಲ ಎಂದು ನನಗೆ ಹೊಳೆದದ್ದು ಮನೆಗೆ ಹೋಗಿ ಮಲಗಿದ ಮೇಲೆ. ಒಟ್ಟಿನಲ್ಲಿ ಪ್ರತಿ ವರ್ಷಕ್ಕೂ ಒಂದು ಕಾರಣವಿತ್ತು, ಬಹುಪಾಲು ನಿಜವೇ. ಒಂದೊಂದು ವರ್ಷವನ್ನು ಬಿಡಿಬಿಡಿಯಾಗಿ ನೋಡಿದರೆ ಏನೂ ಆಗಿರಲಿಲ್ಲ. ಎಲ್ಲವನ್ನೂ ಸಾಲಾಗಿ ಇಟ್ಟು ನೋಡಿದರೆ ಮಾತ್ರ, ಸಾಲು ಓರೆಯಾಗಿತ್ತು.

ಹಾಗೆ ಸಾಲಾಗಿ ಇಡುವುದೂ ಸುಲಭವಲ್ಲ. ನನ್ನ ನೆನಪನ್ನು ನಾನೇ ನಂಬುವವನಲ್ಲ. ಹಳೆಯ ಹಣ್ಣೆಲ್ಲ ಸಿಹಿ, ಹಳೆಯ ಚಳಿಯೆಲ್ಲ ಗಡಗಡ. ಮಾವಿನ ವಿಷಯ ತೋಟದವರನ್ನು ಕೇಳಿದರೆ ಅವರು ಬೆಲೆ ಯೋಚಿಸಿ ಉತ್ತರ ಕೊಡುತ್ತಾರೆ. ಅದಕ್ಕೆ ನಾನು ಮಾವಿನ ವಿಷಯವನ್ನೇ ಕೇಳಲಿಲ್ಲ. ಹೂ ಬಿಟ್ಟ ಮೇಲೆ ತೋಪು ಕಾಯುವವರು ಗುಡಿಸಲು ಹಾಕುತ್ತಾರಲ್ಲ, ಅದನ್ನು ಯಾವಾಗ ಹಾಕಿದಿರಿ ಎಂದು ಕೇಳಿದೆ. ಸಾತನೂರಿನ ಕಡೆ ಒಬ್ಬ ಕಾವಲುಗಾರನ ಹೆಂಡತಿ ಹೇಳಿದಳು: "ಮೊದ್ಲು ಸಂಕ್ರಾಂತಿ ಎಳ್ಳನ್ನ ಗುಡ್ಲಾಗೇ ಬೀರ್ತಿದ್ದೆ ಕಣಣ್ಣ. ಈಗ ಶಿವರಾತ್ರಿ ಜಾಗರಣೇನೂ ಮನೇಲೇ." ಅವಳಿಗೆ ಅದರಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಹೀಗೆ ನಾಲ್ಕು ಕಡೆ ಕೇಳಿದೆ, ನಾಲ್ಕು ಕಡೆಯೂ ಅದೇ. ಹೂವು ತಡವಾಗುತ್ತಾ ಮುಂದಕ್ಕೆ ಸರಿಯುತ್ತಿತ್ತು.

ಸರಿಯದೇ ನಿಂತದ್ದು ಒಂದೇ, ನಮ್ಮ ಗುರುತಿನ ಮರ. ಧನುರ್ಮಾಸ ಹುಟ್ಟಿದರೆ ಸಾಕು, ಬಿಟ್ಟೂಬಿಡದೆ ಹೂ. ಭಾವ ಅದನ್ನು ನೋಡಿ ಹೊರಡುವುದು, ಖಾಲಿ ತೋಪುಗಳಿಗೆ ಮಾತು ಕೊಡುವುದು, ಆ ತೋಪುಗಳು ಚಿಗುರು ಬಿಟ್ಟು ನಮ್ಮನ್ನು ನೋಡಿ ನಗುವುದು. ಹತ್ತಿದ ಏಣಿಯಿಂದ ಬರಿಗೈಯಲ್ಲಿ ಇಳಿದ ಆ ಬೇಸಿಗೆಗಳನ್ನು ನಾನು ಬಿಡಿಸಿ ಹೇಳುವುದಿಲ್ಲ. ಅಕ್ಕನ ಕೈಯ ಬಳೆ ತೆಳುವಾಗುತ್ತಾ ಬಂದವು, ಅಷ್ಟು ಸಾಕು. "ನಮ್ಮಪ್ಪನ ಮರ ಸುಳ್ಳು ಹೇಳಕಿಲ್ಲ ಕಣ್ಲಾ. ತೋಟದೋರು ನೀರು ಸರಿಯಾಗಿ ಬಿಡ್ನಿಲ್ಲ" ಎನ್ನುತ್ತಿದ್ದ ಭಾವ.

ಒಂದು ಬೆಳಿಗ್ಗೆ ಸಾಬರ ಶೆಡ್ಡಿಗೆ ಚಹಾಕ್ಕೆ ಹೋದೆ. ಅವತ್ತು ಅವರು ಹಿತ್ತಲಲ್ಲಿ ಇದ್ದರು. ಕಾಂಪೌಂಡಿನ ಒಳಗೆ, ಹುಳು ಒಣಗಿಸುವ ಜಾಗ. ಅಷ್ಟು ವರ್ಷದಲ್ಲಿ ನಾನಾಗಲೀ ಭಾವನಾಗಲೀ ಆ ಕಡೆಗೆ ಕಾಲಿಟ್ಟಿರಲಿಲ್ಲ. ಗ್ಲಾಸು ಹಿಡಿದು ಮೇಲೆ ನೋಡಿದೆ. ಮರದ ಹಿತ್ತಲ ಕಡೆಯ ಅರ್ಧದಲ್ಲಿ ಒಂದು ಹೂವಿಲ್ಲ. ಬರೀ ಕೆಂಪು ಚಿಗುರು, ಸಾತನೂರಿನಲ್ಲಿ ಇದ್ದ ಹಾಗೆ, ವಿರೂಪಾಕ್ಷಿಪುರದಲ್ಲಿ ಇದ್ದ ಹಾಗೆ. ರಸ್ತೆಗೆ ಓಡಿ ಬಂದು ನೋಡಿದೆ. ರಸ್ತೆ ಕಡೆ ಕೊನೆಕೊನೆಗೂ ಹೂ. ಆ ಕೊಂಬೆಗಳ ನಡುವೆ ಚಿಮಣಿಯ ಹೊಗೆ ಸುತ್ತಿ ಸುತ್ತಿ ಮೇಲೇಳುತ್ತಿತ್ತು.

ಆಗ ಹಿಂದೆಂದೋ ಕಂಡದ್ದು ನೆನಪಾಯಿತು. ಸಾತನೂರಿನ ದಾರಿಯಲ್ಲಿ ಇಟ್ಟಿಗೆ ಭಟ್ಟಿಯ ಹೊಗೆ ಬೀಸುವ ಕಡೆಯ ಮೂರು ಮರ ಪ್ರತಿ ವರ್ಷ ಮೊದಲು ಹೂ ಬಿಡುತ್ತಿದ್ದವು. ನಾವು ಅದನ್ನು ಮಣ್ಣಿನ ಗುಣ ಅಂದುಕೊಂಡಿದ್ದೆವು. ಹೊಗೆ ಕುಡಿದ ಮಾವು ಹೂ ಬಿಡುತ್ತದೆ. ನಮ್ಮ ಗುರುತಿನ ಮರ ಕಾಲವನ್ನು ಹೇಳುವುದು ಬಿಟ್ಟು ಎಷ್ಟೋ ವರ್ಷವಾಗಿತ್ತು. ಅದು ಸಾಬರ ಬಾಯ್ಲರು ಉರಿಯುತ್ತಿದೆ ಎನ್ನುವುದನ್ನು ಮಾತ್ರ ಹೇಳುತ್ತಿತ್ತು.

ಇದನ್ನು ಭಾವನಿಗೆ ಮನೆಯಲ್ಲಿ ಕೂತು, ಅಕ್ಕ ಮುದ್ದೆ ಬಡಿಸುವಾಗ, ಮೆಲ್ಲಗೆ ಹೇಳಬಹುದಿತ್ತು. ಆದರೆ ಅವತ್ತೇ ಮಧ್ಯಾಹ್ನ ಅವನು ಮಾವಿನ ಮಂಡಿಯಲ್ಲಿ ನಾಲ್ಕು ಜನರ ಎದುರು, "ಮರ ಹೂ ಬುಟ್ಟೈತೆ, ನಾಳೆ ಕನಕಪುರದ ಕಡೆ ಎಲ್ಲಾ ಮುಗಿಸ್ಕೊಂಡು ಬತ್ತೀನಿ" ಎನ್ನುತ್ತಿದ್ದ. ನನಗೆ ತಡೆಯಲಾಗಲಿಲ್ಲ.

"ಭಾವ, ನೀನು ಕೈ ಮುಗೀತಿರೋದು ಮರಕ್ಕಲ್ಲ, ಸಾಬರ ಚಿಮಣಿಗೆ."

ಸಾಬರ ತಮಾಷೆಯನ್ನೇ ಒಸಿ ತಿರುಗಿಸಿ ಹೇಳಿದ್ದೆ. ಮಂಡಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಚಹಾದವನೂ ನಕ್ಕ. ನಾನು ಹೊಗೆ, ಹಿತ್ತಲು, ಭಟ್ಟಿ ಎಲ್ಲ ಬಿಡಿಸಿ ಹೇಳಿದೆ, ಒಂದು ಮಾತೂ ತಪ್ಪಿರಲಿಲ್ಲ. ಭಾವ ಕೇಳಿಸಿಕೊಂಡದ್ದು ನಗುವನ್ನು ಮಾತ್ರ. ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು, "ಎಂಟನೇ ಕ್ಲಾಸು ಪೂರ್ತಿ ಓದಿದ್ರೆ ಏನ್ ಗತಿ ಆಗ್ತಿತ್ತೋ ನಮ್ದು" ಎಂದು ಎದ್ದುಹೋದ. ಮಾರನೇ ದಿನ ಕನಕಪುರಕ್ಕೂ ಹೋದ.

ಮುಂದಿನ ವರ್ಷ ಸಾಬರು ಬಾಯ್ಲರು ಆರಿಸಿದರು. ದೊಡ್ಡ ಮೆಷೀನು ಬಂದ ಮೇಲೆ ಸಣ್ಣ ಶೆಡ್ಡು ಗಿಟ್ಟಲಿಲ್ಲ. ಹೊಗೆ ನಿಂತಿತು. ಧನುರ್ಮಾಸ ಬಂತು, ಮರದಲ್ಲಿ ರಸ್ತೆ ಕಡೆಯೂ ಹೂವಿಲ್ಲ, ಹಿತ್ತಲ ಕಡೆಯೂ ಇಲ್ಲ. ನಾನು ಒಳಗೊಳಗೇ ಹಿಗ್ಗಿದೆ. ಇನ್ನು ಇದಕ್ಕಿಂತ ಸಾಕ್ಷಿ ಬೇಕೇ? ಭಾವ ನನ್ನನ್ನು ಕರೆಸುತ್ತಾನೆ ಎಂದು ಶರ್ಟಿಗೆ ಇಸ್ತ್ರಿ ಹಾಕಿಸಿಕೊಂಡು ಕಾದೆ. ಕರೆಸಿದ. ಮರದ ಹತ್ತಿರಕ್ಕೆ. ಅಲ್ಲಿ ಆರೇಳು ಜನ ನಿಂತಿದ್ದರು.

ಬೊಡ್ಡೆಯಲ್ಲಿ ಒಂದು ತೂತಿತ್ತು. ಕಾಂಡ ಕೊರೆಯುವ ಹುಳುವಿನದು, ಮಾವು ಕಂಡವರಿಗೆಲ್ಲ ಗೊತ್ತಿರುವ ತೂತು. ಮರ ಕೊಲ್ಲಬೇಕೆನ್ನುವವರು ಬೊಡ್ಡೆ ಕೊರೆದು ಇಂಗು ತುಂಬುತ್ತಾರೆ ಎನ್ನುವುದೂ ನಮ್ಮ ಕಡೆ ಎಲ್ಲರಿಗೂ ಗೊತ್ತು. ಭಾವ ಆ ತೂತಿಗೆ ಮೂಗಿಟ್ಟು, "ಮೂಸ್ರಪ್ಪಾ. ಇಂಗು" ಅಂದ. ಒಬ್ಬೊಬ್ಬರೇ ಬಗ್ಗಿ ಮೂಸಿದರು. ಇಬ್ಬರು ಹೌದು ಅಂದರು. ಎದುರು ಮನೆಯಲ್ಲಿ ಯಾರೋ ಸಾರಿಗೆ ಒಗ್ಗರಣೆ ಹಾಕಿದ್ದಿರಬೇಕು.

"ನೀನು ಗೆಲ್ಲಕ್ಕೋಸ್ಕರ ನಮ್ಮಪ್ಪನ ಮರ ಸಾಯಿಸ್ತಿದ್ದೀಯಲ್ಲೋ."

"ಹುಳ ಕೊರ್ದಿರೋದು ಭಾವ. ಬೇಕಾದ್ರೆ ಕಡ್ಡಿ ಹಾಕಿ ನೋಡು."

"ಹುಳ ನೀನೇ ಕಣ್ಲಾ."

ಅಲ್ಲಿಂದ ನಮ್ಮ ಪಾಲುದಾರಿಕೆ ಮುಗಿಯಿತು. ನಾನಾದರೂ ಸುಮ್ಮನಿರಬೇಕಿತ್ತು ಎಂದು ನೀವು ಅನ್ನಬಹುದು. ಮಾಡದ ತಪ್ಪು ಹೊತ್ತುಕೊಂಡು ಸುಮ್ಮನಿರಲು ನನಗೆ ಬರುವುದಿಲ್ಲ. ಮರ ಸತ್ತಿಲ್ಲ, ಹೊಗೆ ಕೊಟ್ಟರೆ ಹೂ ಬಿಡುತ್ತದೆ ಎಂದು ತೋರಿಸಿಬಿಡುವುದು ಎಂದುಕೊಂಡೆ. ಮಾರನೇ ವರ್ಷ ಚಳಿ ಹಿಡಿಯುತ್ತಲೇ ಸಾಬರ ಹತ್ತಿರ ಶೆಡ್ಡಿನ ಬೀಗದ ಕೈ ಇಸಿದುಕೊಂಡೆ. ದಿನಾ ಮುಂಜಾನೆ ಮಂಜಿನಲ್ಲಿ ಸೈಕಲ್ಲಿನ ಮೇಲೆ ಹಸಿ ಹುಲ್ಲು ಹೇರಿಕೊಂಡು ಹೋಗಿ, ಚಿಮಣಿ ಇದ್ದ ಮೂಲೆಯಲ್ಲಿ ಹೊಗೆ ಹಾಕಿದೆ. ಸಾಬರು ಮಫ್ಲರು ಸುತ್ತಿಕೊಂಡು ಬಂದು ನಿಂತು, "ಭಾಯ್, ಮರಕ್ಕೆ ಬೀಡಿ ಸೇದೋದು ಕಲಿಸ್ತಾ ಇದ್ದೀಯಾ?" ಎಂದರು. ಎರಡು ವಾರ ಕಳೆದ ಮೇಲೆ ರಸ್ತೆ ಕಡೆಯ ಕೊನೆಗಳು ಉಬ್ಬಿದವು. ಆಮೇಲೆ ಹೂ. ಹಿತ್ತಲ ಕಡೆ ಚಿಗುರೇ. ನಾನು ಹೇಳಿದ್ದು ಹೇಳಿದ ಹಾಗೆ.

ಭಾವನನ್ನು ಕರೆದುಕೊಂಡು ಬಂದು ಎರಡೂ ಕಡೆ ತೋರಿಸಬೇಕು ಎಂದಿದ್ದೆ. ಅವನು ನನಗಿಂತ ಮೊದಲೇ ಬಂದು ನೋಡಿಬಿಟ್ಟಿದ್ದ. ರಸ್ತೆಯಲ್ಲಿ ನಿಂತು ನೋಡಿದ್ದ, ಎಂದಿನ ಹಾಗೆ. ಬೊಡ್ಡೆಗೆ ತೆಂಗಿನಕಾಯಿ ಒಡೆದು, ಇಂಗು ಹಾಕಿದರೂ ಅಪ್ಪನ ಮರ ಸಾಯಲಿಲ್ಲ ಎಂದು ಊರೆಲ್ಲ ಹೇಳಿ, ಅದೇ ಹುರುಪಿನಲ್ಲಿ ಹಿಂದೆಂದೂ ಹಿಡಿಯದಷ್ಟು ತೋಪು ಹಿಡಿದು ಬಂದಿದ್ದ. ಸುಳ್ಳು ಸುಳ್ಳೆಂದು ತೋರಿಸಲು ನಾನು ಹಾಕಿದ ಹೊಗೆ, ಅವನಿಗೆ ಇದ್ದ ಕೊನೆಯ ಅನುಮಾನವನ್ನೂ ಕಳೆದಿತ್ತು.

ಓಡಿದೆ ಅಕ್ಕನ ಮನೆಗೆ. ಅಕ್ಕ ಬಾಗಿಲಲ್ಲಿ ಡೈರಿಗೆ ಹಾಲು ಹಾಕಿ ಬಂದ ಕ್ಯಾನು ಹಿಡಿದು ನಿಂತಿದ್ದಳು. ಭಾವ ಒಳಗೆ ಜಗಲಿಯ ಮೇಲೆ. ನಾನು ಹೊಗೆ ಹಾಕಿದ್ದು ನಾನೇ ಎಂದು ಎಲ್ಲವನ್ನೂ ಹೇಳಿದೆ, ತೋಪುಗಳಿಗೆ ಕೊಟ್ಟ ಮಾತು ಬಿಟ್ಟುಬಿಡು ಎಂದೆ.

ಭಾವ ನನ್ನ ಕಡೆಗೆ ನೋಡದೆ ಅಕ್ಕನಿಗೆ ಹೇಳಿದ: "ಕೇಳ್ದಾ? ಇಂಗಿಗೆ ಸಾಯ್ನಿಲ್ಲ ಅಂತ ಬೆಂಕಿ ಇಕ್ಕಕ್ಕೆ ಹೋಗವ್ನೆ. ಅವನ ಬಾಯಿಂದ್ಲೇ ಬಂತು."

ಅಕ್ಕ ನನ್ನನ್ನು ಅಂಗಳದ ಕೊನೆಯವರೆಗೂ ಕಳಿಸಲು ಬಂದಳು. "ನಾನು ಹೇಳೋದು ನಿಜ ಕಣಕ್ಕ" ಅಂದೆ.

"ನಿಜ ಅಂತ್ಲೇ ಇಟ್ಕೊ ತಮ್ಮಯ್ಯ. ನಂಗೂ ಕಣ್ಣೈತೆ. ನಿಜಾನ ತಗೊಂಡು ನಾನು ಈ ಮನೇಲಿ ಎಲ್ಲಿ ಇಕ್ಕಾನ?" ಎಂದು ಒಳಗೆ ಹೋದಳು.

ಆ ವರ್ಷ ಹಿಡಿದ ತೋಪುಗಳು ಏನಾದವು ಎಂದು ನಿಮಗೇ ಗೊತ್ತಾಗುತ್ತದೆ. ಅದಾದ ಎರಡನೇ ವೈಶಾಖದಲ್ಲಿ ಅಕ್ಕನ ಮಗಳ ಮದುವೆಯಾಯಿತು. ನನಗೆ ಲಗ್ನಪತ್ರಿಕೆ ಬರಲಿಲ್ಲ. ನಮ್ಮ ದೊಡ್ಡಪ್ಪನ ಮಗನೊಬ್ಬ, ವರ್ಷಕ್ಕೊಮ್ಮೆ ಮುಖ ತೋರಿಸುವವನು, ಸೋದರಮಾವನ ಜಾಗದಲ್ಲಿ ನಿಂತು ಅವಳನ್ನು ಮಂಟಪಕ್ಕೆ ಎತ್ತಿಕೊಂಡು ಬಂದನಂತೆ. ಎತ್ತುವಾಗ ಸೊಂಟ ಹಿಡಿದುಕೊಂಡಿತಂತೆ. ಇದನ್ನು ಹೇಳಿ ಜನ ನನ್ನನ್ನು ನಗಿಸಲು ನೋಡಿದರು. ನಾನು ಅವತ್ತು ಸಾತನೂರಿನಲ್ಲಿ ಮರದ ಮೇಲೆ ಇದ್ದೆ, ಕತ್ತಲಾಗುವ ತನಕ ಇಳಿಯಲಿಲ್ಲ.

ಬಸ್ಸಿನ ಮಾತಿಗೆ ಬರುತ್ತೇನೆ. ಇವತ್ತು ಯಾಕೋ ಕತ್ತು ತಿರುಗಿಸಲಿಲ್ಲ. ತಿರುವಿನಲ್ಲಿ ಇಳಿದುಬಿಟ್ಟೆ. ಮರದ ಕೆಳಗೆ, ಚಿಮಣಿ ಇದ್ದ ಮೂಲೆಯಲ್ಲಿ, ಮುದುಕನೊಬ್ಬ ಬಗ್ಗಿ ಹಸಿ ಹುಲ್ಲಿಗೆ ಹೊಗೆ ಹಾಕುತ್ತಿದ್ದ. ಹೌದು, ಭಾವನೇ. ಎಷ್ಟು ವರ್ಷದಿಂದ ಹಾಕುತ್ತಿದ್ದಾನೋ, ನಾನು ವಾಸನೆ ಹಿಡಿಯುತ್ತಲೇ ಬಂದಿದ್ದೇನೆ. ಊರಿನಲ್ಲಿ ಅದು ಅವನ ಅಪ್ಪನ ಕಾಲದ ಪದ್ಧತಿ ಎಂದು ಹೆಸರಾಗಿದೆ. ಚಳಿಗಾಲ ಹುಟ್ಟುವಾಗ ಗುರುತಿನ ಮರಕ್ಕೆ ಹೊಗೆ ಕೊಡಬೇಕು, ಆಮೇಲೆ ಅದು ಹೂ ಬಿಟ್ಟಿತೇ ಎಂದು ನೋಡಿ ತೋಪು ಹಿಡಿಯಬೇಕು. ಹೊಸ ವ್ಯಾಪಾರಿಗಳೂ ಬಂದು ರಸ್ತೆಯಲ್ಲಿ ನಿಂತು ನೋಡಿ ಹೋಗುತ್ತಾರಂತೆ. ನನ್ನ ಹೊಗೆಯನ್ನು ಅವನು ತೆಗೆದುಕೊಂಡ, ಅದು ಹೇಳಿದ್ದನ್ನು ಮಾತ್ರ ನನಗೇ ಬಿಟ್ಟ.

ಹೊಗೆಯೊಳಗಿಂದ ಕೆಮ್ಮುತ್ತಾ, "ಯಾರ್ಲಾ ಅದು?" ಎಂದ.

"ನಾನು."

ತಲೆಯೆತ್ತಿ ನೋಡಿದ. ಕಣ್ಣಿನಲ್ಲಿ ನೀರಿತ್ತು, ಹೊಗೆಗೆ.

"ಆ ಹುಲ್ಲ ಒಸಿ ಈ ಕಡೀಕೆ ತಳ್ಳು. ರಸ್ತೆ ಕಡೀಕೆ."

ಎಲ್ಲಿ ತಳ್ಳಬೇಕೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ತಳ್ಳಿದೆ. ಹೊಗೆ ರಸ್ತೆ ಕಡೆಯ ಕೊಂಬೆಗಳಿಗೆ ಹತ್ತಿತು. ಆ ಕೊನೆಗಳು ಆಗಲೇ ಉಬ್ಬಿದ್ದವು. ಗಾಳಿ ಬೆಚ್ಚಗಿತ್ತು, ಧನುರ್ಮಾಸದ ಗಾಳಿಯೇ ಅಲ್ಲ ಅದು. ಅವನು ಟವೆಲು ಹಣೆಗೆ ಅಡ್ಡ ಹಿಡಿದು ಮೇಲೆ ನೋಡಿ, "ಈ ವರ್ಸ ಚೆನ್ನಾಗೈತೆ" ಅಂದ. ನಾನು ಇನ್ನೊಂದು ಹಿಡಿ ಹುಲ್ಲು ತಳ್ಳಿದೆ. ಮನೆಗೆ ಬಾ ಎನ್ನುತ್ತಾನೇನೋ ಎಂದು ಹುಲ್ಲು ಮುಗಿಯುವ ತನಕ ನಿಂತಿದ್ದೆ. ಅನ್ನಲಿಲ್ಲ. ಮುಂದಿನ ಬಸ್ಸು ಬಂತು, ಹತ್ತಿದೆ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಸಾತನೂರಿನ ಪಕ್ಕ ನಲವತ್ತು ಮರದ ಒಂದು ತೋಪು. ಎರಡು ಏಣಿ. ಒಂದು ತಕ್ಕಡಿ. ಹೊಗೆ ವಾಸನೆ ಹತ್ತಿದ ಒಂದು ಶರ್ಟು. ಮಡಿಕೆ ಬಿಚ್ಚದ ಒಂದು ರೇಷ್ಮೆ ಸೀರೆ, ಮದುಮಗಳಿಗೆ ಸೋದರಮಾವ ಕೊಡುವಂಥದ್ದು. ಒಬ್ಬಳು ಅಕ್ಕ, ಇದೇ ಊರಿನಲ್ಲಿ.